ಅವಳಿಗೆ ಎಂತದೂ ಗೊತ್ತಿಲ್ಲ

೨೫ ಜನವರಿ ೨೦೦೭, ಗುರುವಾರ

ಹೊಸ ಡೈರಿ. ಮೊದಲ ಪುಟದಲ್ಲಿ ಹೆಸರು, ಊರು, ತರಗತಿ ಎಲ್ಲ ಸರಿಯಾಗಿ ಬರೆಯಿರಿ ಎಂದು ಒಂಬತ್ತು ವರ್ಷ ನಾಲ್ಕನೇ ತರಗತಿಯ ಮಕ್ಕಳಿಗೆ ಹೇಳಿದವಳು ನಾನು. ಹೆಸರು ರೊವೀನಾ. ಊರು ಕಿನ್ನಿಗೋಳಿ, ಈಗ ಸಿಡ್ನಿಯ ಲಿವರ್‌ಪೂಲ್. ತರಗತಿ? ಅದನ್ನೇ ಇವತ್ತು ಆರಿಸಿಕೊಂಡು ಬಂದದ್ದು. ನನಗಾಗಿ ಆರಿಸಿಕೊಟ್ಟರು ಎಂದರೆ ಹೆಚ್ಚು ಸರಿ.

ನನ್ನ ಗಂಡ ಜೋಯ್ಸನ್ ಮೆಲ್ಬರ್ನಿನಲ್ಲಿ ವೆಲ್ಡಿಂಗ್ ಕೆಲಸಕ್ಕೆ ಸೇರಿದ್ದಾರೆ. ಒಂದೇ ಕೋಣೆಯಲ್ಲಿ ನಾಲ್ಕು ಜನ ಗಂಡಸರಂತೆ. ಅವರಿಗೆ ಬೇರೆ ಮನೆ ಸಿಗುವವರೆಗೆ ನಾನು ಇಲ್ಲಿ, ಅವರ ಅಕ್ಕ ಮೋಲಿ ಬಾಯಿಯ ಮನೆಯಲ್ಲಿ. ನಮ್ಮ ಕೊಂಕಣಿಯಲ್ಲಿ ಅಕ್ಕನಿಗೆ ಬಾಯಿ ಎನ್ನುತ್ತೇವೆ. ಮೋಲಿ ಬಾಯಿ ಈ ದೇಶಕ್ಕೆ ಬಂದು ಹದಿನಾಲ್ಕು ವರ್ಷ. ಆಸ್ಪತ್ರೆಯಲ್ಲಿ ನರ್ಸ್. ನನ್ನನ್ನು ಕಮ್ಯುನಿಟಿ ಕಾಲೇಜಿಗೆ ಸೇರಿಸಲೆಂದೇ ಇವತ್ತು ರಜೆ ಹಾಕಿದ್ದರು.

ಅಲ್ಲಿ ಎರಡು ವಿಷಯ ತೀರ್ಮಾನಿಸಬೇಕು. ಇಂಗ್ಲಿಷಿನ ಯಾವ ಹಂತಕ್ಕೆ ಸೇರುವುದು ಎಂಬುದು ಒಂದು. ಮಧ್ಯಾಹ್ನದ ‘ಸ್ಟೂಡೆಂಟ್ ಸಕ್ಸೆಸ್’ ಕ್ಲಾಸು ಬೇಕೋ ಬೇಡವೋ ಎಂಬುದು ಇನ್ನೊಂದು. ನೋಟ್ಸ್ ಮಾಡಿಕೊಳ್ಳುವುದು, ಎದ್ದು ನಿಂತು ಮಾತಾಡುವುದು, ತಿಳಿಯದ್ದನ್ನು ಕೇಳುವುದು, ಹೀಗೆ ವಿದ್ಯಾರ್ಥಿಯಾಗಿರುವುದನ್ನೇ ಅಲ್ಲಿ ಹೇಳಿಕೊಡುತ್ತಾರಂತೆ. ಯಶಸ್ಸಿಗೂ ಟೈಮ್‌ಟೇಬಲ್ ಮಾಡಿದ ದೇಶ ಇದು. ಶಾಲೆಯಲ್ಲಿ ಟೀಚರಿಗೆ ಸಹಾಯಕಿಯಾಗುವ ಕೋರ್ಸಿಗೆ ಹೋಗಬೇಕಾದರೆ ಆ ಕ್ಲಾಸು ಕಡ್ಡಾಯ. ಗೋಡೆಯ ಮೇಲೆ ಆ ಕೋರ್ಸಿನ ಹೆಸರು ಕಂಡದ್ದೇ ನನ್ನ ಕಣ್ಣು ಅಲ್ಲಿಂದ ಕದಲಲಿಲ್ಲ. ಮತ್ತೆ ಒಮ್ಮೆ ಕರಿಹಲಗೆಯ ಹತ್ತಿರ ನಿಲ್ಲಲು ಸಿಕ್ಕಿದರೆ ನನಗೆ ಬೇರೇನೂ ಬೇಡ.

ಡೆಬ್ರಾ ಎಂಬ ಟೀಚರ್ ವಿಚಾರಿಸಿದರು. ಪ್ರಶ್ನೆ ನನಗೆ, ಉತ್ತರ ಮೋಲಿ ಬಾಯಿಯದು. ‘ಶಿ ಡಸಂಟ್ ನೋ ಎನಿಥಿಂಗ್. ವೆರಿ ಶೈ’ ಎಂದರು. ನಾನು ತಲೆ ತಗ್ಗಿಸಿ ನಕ್ಕೆ. ನನ್ನನ್ನು ನೋಡಲು ಜೋಯ್ಸನ್ ಮನೆಯವರು ಬಂದ ದಿನ ಅಮ್ಮ ಹೇಳಿದ್ದೂ ಇದೇ ಮಾತು. “ಅವಳಿಗೆ ಎಂತದೂ ಗೊತ್ತಿಲ್ಲ, ನೀವೇ ಕಲಿಸ್ಬೇಕು.” ಅಷ್ಟು ಹೊತ್ತಿಗೆ ಅವರು ನಾನು ಮಾಡಿದ ಮೀನು ಸಾರಿನಲ್ಲಿ ಎರಡನೇ ಸಲ ಅನ್ನ ಕಲಸುತ್ತಿದ್ದರು. ಹೊರಗಿನವರ ಎದುರು ನಮ್ಮವರನ್ನು ನಾವು ಹೊಗಳುವುದಿಲ್ಲ. ಹೊಗಳಿದರೆ ದೃಷ್ಟಿ, ಮೇಲಾಗಿ ಮರ್ಯಾದೆಯೂ ಅಲ್ಲ. ಅಮ್ಮ ಪಕ್ಕದ ಮನೆಯ ಹುಡುಗಿಯನ್ನು ಬಾಯಿ ತುಂಬ ಹೊಗಳುತ್ತಿದ್ದಳು, ನನ್ನನ್ನು ಒಂದು ದಿನವೂ ಇಲ್ಲ. ನಾನು ಅವಳ ಸ್ವಂತದವಳು ಎಂದು ನನಗೆ ಗೊತ್ತಾಗುತ್ತಿದ್ದದ್ದೇ ಹಾಗೆ. ಇವತ್ತು ಮೋಲಿ ಬಾಯಿಯ ಬಾಯಲ್ಲಿ ಆ ಮಾತು ಕೇಳಿ ಕಣ್ಣು ತುಂಬಿತು. ತನ್ನ ಮನೆಯವಳೆಂದು ಒಪ್ಪಿಕೊಂಡರಲ್ಲ.

ನಡುವೆ ಅವರ ಮಗ ಜೋಸ್ವಿನ್‌ಗೆ ಟಾಯ್ಲೆಟ್ ಅವಸರ. ಅವನನ್ನು ಕರೆದುಕೊಂಡು ಹೋಗಿ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಎಲ್ಲಕ್ಕಿಂತ ಕೆಳಗಿನ ಕ್ಲಾಸು, ಬೆಳಿಗ್ಗೆ ಮಾತ್ರ. ಸಕ್ಸೆಸ್ ಬೇಡ. ಡೆಬ್ರಾ ನನ್ನ ಕಡೆ ತಿರುಗಿ ‘ಓಕೆ?’ ಎಂದರು. ಹಿರಿಯರು ಮಾತಾಡಿದ ಮೇಲೆ ನಾನು ಬಾಯಿ ಹಾಕುವುದು ಹೇಗೆ? ತಲೆಯಾಡಿಸಿದೆ.

ಕಾರಿನಲ್ಲಿ ಮೋಲಿ ಬಾಯಿ ಸಮಾಧಾನ ಹೇಳಿದರು. “ಬೇಜಾರು ಮಾಡ್ಬೇಡ ಆಯ್ತಾ. ನಿಂಗೆ ಗೊತ್ತುಂಟು ಅಂತ ಕಂಡ್ರೆ ಅವರೇ ಮೇಲೆ ಹಾಕ್ತಾರೆ. ಹೇಗೂ ಮಕ್ಕಳ ಶಾಲೆ ಬಿಡುವಾಗ ನೀನು ಫ್ರೀ ಇರ್ತೀಯಲ್ಲ, ಅದೂ ಒಳ್ಳೆದೇ.”

೩೧ ಜನವರಿ, ಬುಧವಾರ

ಮೊದಲ ಪಾಠ: ‘ದಿಸ್ ಈಸ್ ಎ ಪೆನ್.’ ಪೆನ್ನೇ ಹೌದು, ನನ್ನದೇನೂ ತಕರಾರಿಲ್ಲ.

ನನ್ನ ಪಕ್ಕದಲ್ಲಿ ಇರಾಕಿನಿಂದ ಬಂದ ನಜ್ಲಾ. ಪಾಪ, ಶಾಲೆಯ ಮುಖ ಕಂಡವಳಲ್ಲ. ಪೆನ್ಸಿಲನ್ನು ಚಮಚದ ಹಾಗೆ ಹಿಡಿಯುತ್ತಾಳೆ. ಅವಳ ಬೆರಳು ಸರಿಮಾಡಿ ಕೊಟ್ಟೆ. ಕೈಗೆ ಹಳೆಯ ಅಭ್ಯಾಸ, ಸುಮ್ಮನಿರುವುದಿಲ್ಲ. ಡೆಬ್ರಾ ನೋಡಿದರು. ಇವತ್ತಲ್ಲ ನಾಳೆ ಅವರಿಗೇ ಗೊತ್ತಾಗುತ್ತದೆ. ಮದುವೆಯಾದ ಮೇಲೆ ಅತ್ತೆಗೆ ಗೊತ್ತಾಗಲು ಒಂದು ವಾರವೂ ಬೇಕಾಗಿರಲಿಲ್ಲ.

ಸಂಜೆ ತೇರ್ಸ್, ಅಂದರೆ ಜಪಮಾಲೆಯ ಪ್ರಾರ್ಥನೆ ಮುಗಿದ ಮೇಲೆ ನಮ್ಮ ವಾಡಿಕೆಯಂತೆ ಕೈಮುಗಿದು ಹಿರಿಯಳಾದ ಮೋಲಿ ಬಾಯಿಯ ಆಶೀರ್ವಾದ ಕೇಳಿದೆ. ತಲೆಯ ಮೇಲೆ ಕೈಯಿಟ್ಟರು. ಕೈಯಿಂದ ಇನ್ನೂ ಆಸ್ಪತ್ರೆಯ ಸಾಬೂನಿನ ವಾಸನೆ ಬರುತ್ತಿತ್ತು.

೧೪ ಫೆಬ್ರವರಿ, ಬುಧವಾರ

ಮಕ್ಕಳ ಶಾಲೆಯ ಗೇಟಿನಲ್ಲಿ ಕನ್ನಡ ಕೇಳಿಸಿತು! ಮೈಸೂರಿನ ವಸಂತಾ ಆಂಟಿ. ಮೊಮ್ಮಗಳನ್ನು ಕರೆದೊಯ್ಯಲು ಬರುತ್ತಾರೆ. ಗಂಡ ಚಂದ್ರಶೇಖರ್ ಅಂಕಲ್ ಕಾರಿನಲ್ಲೇ ಕುಳಿತು ಪೇಪರ್ ಓದುತ್ತಿರುತ್ತಾರೆ. “ಟೀಚರಮ್ಮನಾ ನೀನು? ನಡಿಗೇಲೇ ಗೊತ್ತಾಗುತ್ತೆ ಬಿಡು” ಎಂದರು ಆಂಟಿ. ಇಲ್ಲಿಗೆ ಬಂದ ಮೇಲೆ ನನ್ನನ್ನು ಯಾರೋ ಟೀಚರ್ ಎಂದದ್ದು ಇದೇ ಮೊದಲು. ಮನೆಗೆ ಬರುವ ದಾರಿಯುದ್ದಕ್ಕೂ ನಾನು ಸ್ವಲ್ಪ ಉದ್ದವಾಗಿದ್ದೆ.

ಮನೆಯಲ್ಲಿ ಮೋಲಿ ಬಾಯಿಯ ಎಂಟು ವರ್ಷದ ಮಗಳು ಲೀಶಾ ಗಾಳಿ ತೆಗೆದಳು. ಅವಳ ಹೋಮ್‌ವರ್ಕ್ ನೋಡಲು ಹೋದರೆ, ‘ಆಂಟಿ, ಮಮ್ ಸೆಡ್ ಯು ಆರ್ ಸ್ಟಿಲ್ ಆನ್ ಎಬಿಸಿ’ ಎಂದಳು. ಅವಳ ಭಾಗಾಕಾರ ತಪ್ಪಿತ್ತು. ಸರಿಮಾಡಿ ಕೊಟ್ಟೆ. ಎಬಿಸಿಯವಳಿಗೆ ಭಾಗಾಕಾರ ಹೇಗೆ ಬಂತು ಎಂದು ಹುಡುಗಿ ಕೇಳಲಿಲ್ಲ.

ಮೋಲಿ ಬಾಯಿ ಅಡಿಗೆಮನೆಯಲ್ಲಿ ಫೋನಿನಲ್ಲಿದ್ದರು. ಊರಿನಿಂದ ಬಂದ ಯಾರೋ ಹುಡುಗಿಗೆ ಇಂಟರ್ವ್ಯೂ ಅಂತೆ, ಬುದ್ಧಿ ಹೇಳುತ್ತಿದ್ದರು. “ಗೊತ್ತಿಲ್ಲ ಅಂತ ಮಾತ್ರ ಹೇಳ್ಬೇಡ ಮಾರಾಯ್ತಿ. ಇವರಿಗೆ ನಮ್ಮ ಹಾಗೆ ಅಲ್ಲ, ಬಾಯಲ್ಲಿ ಹೇಳಿದ್ದೇ ನಿಜ. ನಾನು ವಾರ್ಡಿಗೆ ಸೇರುವಾಗ ನನ್ನಷ್ಟು ಒಳ್ಳೆ ನರ್ಸ್ ನಿಮಗೆ ಸಿಕ್ಲಿಕ್ಕಿಲ್ಲ ಅಂತ ಹೇಳಿದ್ದೇನೆ!” ನನಗೆ ನಗು ತಡೆಯಲಿಲ್ಲ. ಎಂಥ ಧೈರ್ಯದ ಹೆಂಗಸು.

ಜೋಯ್ಸನ್ ಫೋನ್ ಮಾಡಿದ್ದರು. ಮನೆ ಇನ್ನೂ ಸಿಗಲಿಲ್ಲವಂತೆ. ನಾಲ್ವರಲ್ಲಿ ಒಬ್ಬನ ಗೊರಕೆಗೆ ನಿದ್ದೆಯಿಲ್ಲವಂತೆ.

೬ ಮಾರ್ಚ್, ಮಂಗಳವಾರ

ಮಧ್ಯಂತರದಲ್ಲಿ ನಜ್ಲಾಳ ಮಗನ ಶಾಲೆಯಿಂದ ಬಂದ ಪತ್ರವನ್ನು ಅವಳಿಗೆ ಬಿಡಿಸಿ ಹೇಳುತ್ತಿದ್ದೆ. ಹಿಂದೆ ಡೆಬ್ರಾ ನಿಂತದ್ದು ಗೊತ್ತಾಗಲಿಲ್ಲ. ಕ್ಲಾಸು ಬಿಟ್ಟ ಮೇಲೆ ನನ್ನನ್ನು ಕೂರಿಸಿ, ನೀವು ಈ ಕ್ಲಾಸಿನಲ್ಲಿ ಏನು ಮಾಡುತ್ತಿದ್ದೀರಿ ಎಂದು ಕೇಳಿದರು.

ನಾನು ಎಷ್ಟು ಓದಿದ್ದೇನೆ ಎಂದು ಹೇಳಿದೆ. ಡೆಬ್ರಾ ಕನ್ನಡಕ ತೆಗೆದರು. ನಿಮ್ಮ ಸಿಸ್ಟರ್ ಹಾಗೆ ಹೇಳಲಿಲ್ಲವಲ್ಲ ಎಂದರು. ನಾನು ಜೋಸ್ವಿನ್‌ನನ್ನು ಕರೆದುಕೊಂಡು ಹೊರಗೆ ಹೋಗಿದ್ದಾಗ ಮೋಲಿ ಬಾಯಿ ಅವರ ಹತ್ತಿರ, ಇವಳು ನಾಲ್ಕನೆಯ ತರಗತಿಯವರೆಗೆ ಮಾತ್ರ ಶಾಲೆಗೆ ಹೋದವಳು, ಮುಂದೆ ಓದುವ ಆಸೆಯಿಲ್ಲ, ಓದಲು ಪೇಪರ್ ಕೊಟ್ಟರೆ ಹೆದರುತ್ತಾಳೆ, ಬೆಳಗಿನ ಕ್ಲಾಸು ಸಾಕು ಎಂದಿದ್ದರಂತೆ.

ನಾನು ಮೋಲಿ ಬಾಯಿಯ ಪರ ವಾದಿಸಿದೆ. ನಮ್ಮ ಕಡೆ ಹಾಗೆ ಮೇಡಂ, ನಮ್ಮವರನ್ನು ನಾವು ಹೊಗಳುವುದಿಲ್ಲ, ಕೇಳಿದವರು ತಿರುಗಿಸಿ ಅರ್ಥ ಮಾಡಿಕೊಳ್ಳಬೇಕು, ತಪ್ಪು ನಿಮ್ಮದೇ ಎಂಬಂತೆ ಹೇಳಿದೆ. ಡೆಬ್ರಾ ಪೂರ್ತಿ ಕೇಳಿದರು. ಆಮೇಲೆ ನಿಧಾನವಾಗಿ, ‘ನಾವು ಹಾಗೆ ಅರ್ಥ ಮಾಡಿಕೊಳ್ಳುವುದಿಲ್ಲ ಎಂದು ನಿಮ್ಮ ಸಿಸ್ಟರಿಗೆ ಗೊತ್ತಿರಲಿಲ್ಲವೇ?’ ಎಂದರು.

ಏಪ್ರಿಲ್ ಕೊನೆಗೆ ಎರಡನೇ ಟರ್ಮ್ ಶುರು. ಬೇಕಾದರೆ ಆಗ ಮತ್ತೆ ಸಂದರ್ಶನ ಮಾಡುತ್ತಾರೆ. ಮೇಲಿನ ಇಂಗ್ಲಿಷ್ ಕ್ಲಾಸು, ಮಧ್ಯಾಹ್ನ ಸಕ್ಸೆಸ್ ಕ್ಲಾಸು ಮುಗಿಸಿದರೆ ಜುಲೈಯಲ್ಲಿ ಟೀಚರ್ ಸಹಾಯಕಿಯ ಕೋರ್ಸು. ಈ ಸಲ ತಪ್ಪಿದರೆ ಇನ್ನು ಮುಂದಿನ ವರ್ಷವೇ. ಆದರೆ ಒಬ್ಬರೇ ಬರಬೇಕು ಎಂದರು. ಮಧ್ಯಾಹ್ನ ಕ್ಲಾಸು ಎಂದರೆ ಶಾಲೆಯ ಗೇಟಿನಲ್ಲಿ ಲೀಶಾ, ಜೋಸ್ವಿನ್‌ಗೆ ಯಾರು?

ನಾಲ್ಕನೆಯ ತರಗತಿಯವರೆಗೆ ಹೋದವಳಂತೆ. ಹೌದು, ಒಂಬತ್ತು ವರ್ಷ ಹೋಗಿದ್ದೇನೆ. ಮೇಜಿನ ಆಚೆ ಕಡೆ.

೭ ಮಾರ್ಚ್

ಕೇಳಬೇಕೆಂದಿದ್ದೆ. ಮೋಲಿ ಬಾಯಿ ಶಿಫ್ಟ್ ಮುಗಿಸಿ ಬಂದು ಸೋಫಾದಲ್ಲಿ ಶೂ ಹಾಕಿಕೊಂಡೇ ನಿದ್ದೆಹೋಗಿದ್ದರು. ಶೂ ಬಿಚ್ಚಿ ಇಟ್ಟೆ. ಕೇಳಲಿಲ್ಲ.

ಫೋನಿನಲ್ಲಿ ಆ ಹುಡುಗಿಗೆ ಹೇಳಿದ್ದು ಮಾತ್ರ ಕಿವಿಯಿಂದ ಹೋಗುತ್ತಿಲ್ಲ. ‘ಗೊತ್ತಿಲ್ಲ ಅಂತ ಮಾತ್ರ ಹೇಳ್ಬೇಡ.’ ಇರಲಿ. ಮರೆತಿರಬಹುದು. ದೊಡ್ಡ ಕೆಲಸದಲ್ಲಿರುವವರಿಗೆ ನೂರು ತಾಪತ್ರಯ. ಈಸ್ಟರಿಗೆ ಜೋಯ್ಸನ್ ಹತ್ತಿರ ಹೋಗುತ್ತೇನೆ, ಅವರ ಹತ್ತಿರವೇ ಹೇಳಿಕೊಳ್ಳುತ್ತೇನೆ.

೮ ಏಪ್ರಿಲ್, ಈಸ್ಟರ್ ಭಾನುವಾರ. ಮೆಲ್ಬರ್ನ್

ನಾಲ್ಕು ಡಬ್ಬಿ ಚಕ್ಕುಲಿ ಮಾಡಿ ತಂದಿದ್ದೆ. ಒಂದೇ ಕೋಣೆಯಲ್ಲಿ ಊರು ಬಿಟ್ಟು ಇರುವ ಹುಡುಗರು, ಒಬ್ಬನಿಗೆ ಹೆಚ್ಚು ಒಬ್ಬನಿಗೆ ಕಡಿಮೆ ಆಗಬಾರದಲ್ಲ ಎಂದು ಒಂದೊಂದು ಡಬ್ಬಿ.

ಮನೆಯಲ್ಲಿ ನಾಲ್ಕು ಜನ ಇಲ್ಲ. ಎರಡು ಕೋಣೆ, ಒಂದು ಅಡಿಗೆಮನೆ, ಹಿಂದೆ ಬಟ್ಟೆ ಒಣಗಿಸಲು ಜಾಗ. ಕಿಟಕಿಗೆ ಪರದೆ ಸಹ ಇದೆ. ಗೊರಕೆಯವನು ಎಲ್ಲಿ ಎಂದು ಕೇಳಿದೆ. ತಮಾಷೆಗೇ ಕೇಳಿದ್ದು. ಜೋಯ್ಸನ್ ಕಿವಿ ಕೆಂಪಾಯಿತು. ಜನವರಿಯಿಂದ ಅವರು ಒಬ್ಬರೇ ಇದ್ದಾರೆ.

“ಬಾಯಿ ಕೇಳಿದ್ಳು. ಒಂದು ವರ್ಷ ಮಕ್ಕಳನ್ನು ನೋಡ್ಲಿಕ್ಕೆ ನಮ್ಮವರೇ ಯಾರಾದ್ರೂ ಬೇಕು ಅಂತ. ನಮ್ಮ ವೀಸಾಕ್ಕೆ ಅಷ್ಟು ಓಡಾಡಿದ್ದಾಳೆ, ಇಲ್ಲ ಅಂತ ಹೇಗೆ ಹೇಳುದು?”

“ಯಾವಾಗ ಕೇಳಿದ್ದು?”

“ನೀನು ಊರಲ್ಲಿ ಇರುವಾಗ್ಲೇ.”

“ಕಾಲೇಜಿನಲ್ಲಿ ಬಾಯಿ, ಇವಳಿಗೆ ಎಂತದೂ ಗೊತ್ತಿಲ್ಲ ಅಂತ ಹೇಳಿದ್ದು ನಿಮ್ಗೆ ಗೊತ್ತುಂಟಾ?”

“ದೊಡ್ಡ ಕ್ಲಾಸಿಗೆ ಹಾಕಿದ್ರೆ ನೀನು ಬರುವಾಗ ಸಂಜೆ ಆಗ್ತದೆ ಅಂತ ಬಾಯಿ ಹೇಳಿದ್ಳು. ಒಂದು ವರ್ಷ ಅಲ್ವಾ ರೋವಿ?”

“ನನ್ನ ಹತ್ರ ಒಂದು ಮಾತು ಕೇಳ್ಬಹುದಿತ್ತಲ್ಲ?”

“ಕೇಳಿದ್ರೆ ನೀನು ಹೂಂ ಅಂತಲೇ ಹೇಳ್ತಿದ್ದಿ. ಮತ್ತೆ ಕೇಳುದು ಎಂತಕ್ಕೆ?”

ಅದು ನಿಜ. ಹೂಂ ಎನ್ನುತ್ತಿದ್ದೆ. ಮಕ್ಕಳನ್ನು ನೋಡಿಕೊಳ್ಳುವುದು ನನಗೆ ಎಂದೂ ಭಾರವಾಗಿಲ್ಲ. ಆದರೆ ಹೂಂ ಎನ್ನುವುದೂ ನನ್ನದೇ ಆಗಿರಬೇಕಿತ್ತು. ಅಕ್ಕ ತಮ್ಮ ಕುಳಿತು ನನ್ನ ಒಪ್ಪಿಗೆಯನ್ನು ನನ್ನ ಬೆನ್ನ ಹಿಂದೆ ಬಳಸಿಕೊಂಡರು. ಪ್ರತಿ ವಾರ ಫೋನಿನಲ್ಲಿ ಇವನು ಗೊರಕೆಯ ಕಥೆ ಹೇಳಿದ, ನಾನು ಅಯ್ಯೋ ಪಾಪ ಎಂದೆ. ನಿದ್ದೆಯಿಲ್ಲದವನಿಗೆಂದು ಮೊಂಬತ್ತಿ ಹಚ್ಚಿ ಪ್ರಾರ್ಥನೆ ಬೇರೆ ಮಾಡಿದ್ದೇನೆ.

ಚರ್ಚಿನಲ್ಲಿ ಪಕ್ಕದಲ್ಲೇ ನಿಂತಿದ್ದ. ಪೂಜೆಯ ನಡುವೆ ಅಕ್ಕಪಕ್ಕದವರು ಪರಸ್ಪರ ಶಾಂತಿ ಕೋರುವಾಗ ಕೈ ಚಾಚಿದ. ನಾನು ಆಚೆ ಬದಿಯ ಮುದುಕಿಯ ಕೈ ಹಿಡಿದೆ.

೧೧ ಏಪ್ರಿಲ್

ಬಸ್ಸಿನಲ್ಲಿ ವಾಪಸ್. ಚಕ್ಕುಲಿಯ ಮೂರು ಡಬ್ಬಿಯೂ ವಾಪಸ್.

ನನಗೆ ಮೋಸವಾಗಿದೆ. ಸುತ್ತಿ ಬಳಸಿ ಬರೆಯಲು ಇನ್ನು ಆಗುವುದಿಲ್ಲ.

೧೯ ಏಪ್ರಿಲ್

ಲೀಶಾಳಿಗೆ ಏಳರ ಮಗ್ಗಿ ಬಂತು. ಕುಣಿದಳು. ಮಕ್ಕಳ ಮೇಲೆ ಸಿಟ್ಟು ಮಾಡಲು ನನ್ನಿಂದ ಆಗುತ್ತಿಲ್ಲ, ಎಷ್ಟು ಪ್ರಯತ್ನಪಟ್ಟರೂ.

ಪ್ರಾರ್ಥನೆ ಮುಗಿದ ಕೂಡಲೇ ಆಶೀರ್ವಾದ ಕೇಳದೆ, ಒಲೆಯ ಮೇಲೆ ಏನೋ ಇದೆ ಎಂದು ಎದ್ದು ಹೋಗುತ್ತೇನೆ. ಒಲೆಯ ಮೇಲೆ ಏನೂ ಇರುವುದಿಲ್ಲ.

೨೪ ಏಪ್ರಿಲ್, ಮಂಗಳವಾರ

ಒಬ್ಬಳೇ ಹೋದೆ. ಅದೇ ಮೇಜು, ಅದೇ ಕುರ್ಚಿ. ಈ ಸಲ ಅಂಚಿನಲ್ಲಲ್ಲ, ಬೆನ್ನು ಕುರ್ಚಿಗೆ ಒರಗಿಸಿ ಕುಳಿತೆ.

ಡೆಬ್ರಾ ಮೊದಲ ಪ್ರಶ್ನೆ ಕೇಳಿದರು. ನಿಮ್ಮ ಇಂಗ್ಲಿಷ್ ಹೇಗಿದೆ?

‘ನಾಟ್ ಗುಡ್ ಮೇಡಂ. ಲಿಟಲ್ ಲಿಟಲ್’ ಎಂದುಬಿಟ್ಟೆ!

ದಾರಿಯುದ್ದಕ್ಕೂ ಬೇರೆ ಉತ್ತರ ಬಾಯಿಪಾಠ ಮಾಡಿಕೊಂಡು ಹೋಗಿದ್ದೆ. ನಾಲಿಗೆಗೆ ಅಮ್ಮ ಕಲಿಸಿದ್ದೇ ಬಂತು. ಮೋಲಿಗೆ ನನ್ನ ಬಗ್ಗೆ ಸುಳ್ಳು ಹೇಳುವ ಅಗತ್ಯವೇ ಇರಲಿಲ್ಲ, ನನ್ನನ್ನು ಮಾತಾಡಲು ಬಿಟ್ಟಿದ್ದರೂ ಸಾಕಿತ್ತು. ಡೆಬ್ರಾ ಏನೂ ಬರೆಯಲಿಲ್ಲ. ಪೆನ್ನು ಕೆಳಗಿಟ್ಟು ಕಾದರು. ಅವರು ಹಾಗೆ ಕಾಯದಿದ್ದರೆ ಇವತ್ತಿನ ಕಥೆ ಬೇರೆಯೇ ಆಗುತ್ತಿತ್ತು.

ಆಮೇಲೆ ಹೇಳಿದೆ. ‘ನೋ. ಐ ಆಮ್ ಎ ಗುಡ್ ಟೀಚರ್. ಮೈ ಇಂಗ್ಲಿಷ್ ಈಸ್ ಗುಡ್.’ ಕಿವಿ ಸುಟ್ಟುಹೋಯಿತು. ಬಟ್ಟೆಯಿಲ್ಲದೆ ಬೀದಿಯಲ್ಲಿ ನಿಂತ ಹಾಗೆ. ಅಮ್ಮ ಕೇಳಿಸಿಕೊಂಡಿದ್ದರೆ ಸೆರಗಿನಿಂದ ಮುಖ ಮುಚ್ಚಿಕೊಂಡು ಒಳಗೆ ಹೋಗುತ್ತಿದ್ದಳು. ಶುರುವಾದ ಮೇಲೆ ನಿಲ್ಲಲಿಲ್ಲ. ಮಗ್ಗಿ ಬಾರದ ಮಕ್ಕಳಿಗೆ ಮರುವಾಯಿ ಕಪ್ಪೆಚಿಪ್ಪುಗಳನ್ನು ನೆಲದ ಮೇಲೆ ಸಾಲಾಗಿ ಇಟ್ಟು ಕಲಿಸುತ್ತಿದ್ದದ್ದು, ಮಾತೇ ಆಡದ ಒಬ್ಬ ಹುಡುಗಿ ನನ್ನ ಕ್ಲಾಸಿನಲ್ಲಿ ಪದ್ಯ ಹೇಳಿದ್ದು, ಎಲ್ಲ ಹೇಳಿದೆ. ಓದಲು ಕೊಟ್ಟರು, ಓದಿದೆ. ಬರೆಯಲು ಕೊಟ್ಟರು, ಹಾಳೆ ಸಾಲದೆ ಇನ್ನೊಂದು ಕೇಳಿದೆ.

ಮೇಲಿನ ಕ್ಲಾಸು. ವಾರದಲ್ಲಿ ಎರಡು ಮಧ್ಯಾಹ್ನ ಸಕ್ಸೆಸ್. ಡೆಬ್ರಾ ‘ಓಕೆ?’ ಎಂದು ಕೇಳಿದರು. ತಲೆಯಾಡಿಸಲಿಲ್ಲ. ಯೆಸ್ ಎಂದೆ.

೨೬ ಏಪ್ರಿಲ್, ಗುರುವಾರ

ಊಟದ ಹೊತ್ತಿಗೆ ಹೇಳಿದೆ. ಮೋಲಿಯ ಗಂಡ ಕಾನ್ರಾಡ್ ಭಾವ ತಟ್ಟೆಯಿಂದ ತಲೆ ಎತ್ತಲಿಲ್ಲ. ಆ ಮನುಷ್ಯ ಮಾತಾಡಿದ್ದನ್ನು ನಾನು ಕೇಳಿದ್ದೇ ಅಪರೂಪ.

“ಮಕ್ಕಳನ್ನು ಯಾರು ಕರ್ಕೊಂಡು ಬರುದು?” ಎಂದಳು ಮೋಲಿ.

“ಕ್ಲಾಸ್ ಇರುವ ಎರಡು ದಿವಸ ನೀವು ಬೇರೆ ನೋಡ್ಬೇಕು. ಉಳಿದ ದಿವಸ ನಾನುಂಟು.”

“ನಿನ್ನನ್ನು ಮನೆಯ ಮಗಳ ಹಾಗೆ ನೋಡಿದ್ದಕ್ಕೆ ಇದಾ?”

“ಡೆಬ್ರಾನ ಹತ್ರ ಹಾಗೆ ಯಾಕೆ ಹೇಳಿದ್ರಿ?”

“ಎಂತ ಹೇಳಿದೆ? ನಮ್ಮವರನ್ನು ನಾವೇ ಹೊಗಳ್ಲಿಕ್ಕೆ ಆಗ್ತದಾ?”

“ಈ ಊರಿನಲ್ಲಿ ಬಾಯಲ್ಲಿ ಹೇಳಿದ್ದೇ ನಿಜ ಅಂತ ನೀವೇ ಫೋನಿನಲ್ಲಿ ಹೇಳಿದ್ದಲ್ವಾ?”

ಅವಳ ಕೈಯಲ್ಲಿದ್ದ ಸೌಟು ಪಾತ್ರೆಯ ಅಂಚಿಗೆ ಬಡಿಯಿತು. ಆಮೇಲೆ ಅಳು. ಶಿಫ್ಟ್ ಕೆಲಸ, ಸಣ್ಣ ಮಕ್ಕಳು, ಸಹಾಯಕ್ಕೆ ಯಾರೂ ಇಲ್ಲದ ಹದಿನಾಲ್ಕು ವರ್ಷ. ಎಲ್ಲ ನಿಜವೇ. ಅದರಲ್ಲಿ ಒಂದನ್ನು ಮೊದಲೇ ನನಗೆ ಹೇಳಿದ್ದರೆ ನಾನೇ ಬೆಳಗಿನ ಕ್ಲಾಸು ಆರಿಸುತ್ತಿದ್ದೆನೇನೋ. ಕ್ಷಮಿಸು ಎಂಬ ಒಂದು ಮಾತು ಆ ಅಳುವಿನಲ್ಲಿ ಇರಲಿಲ್ಲ.

ಮನೆಯಲ್ಲಿ ಇದ್ದರೆ ಮನೆಯವರ ಹಾಗೆ ಇರಬೇಕು ಎಂದಳು ಕೊನೆಗೆ. ಒಳಗಿನಿಂದ ಜೋಯ್ಸನ್‌ಗೆ ಫೋನು ಹೋಯಿತು. ಅವನಿಂದ ನನಗೆ ಬಂತು. “ಬಾಯಿಗೆ ಬೇಜಾರಾಗಿದೆ. ಅಲ್ಲಿ ಆಗುದಿಲ್ಲಾಂದ್ರೆ ಇಲ್ಲಿಗೇ ಬಾ, ಮನೆ ಉಂಟಲ್ಲ.” ಮನೆ ಜನವರಿಯಿಂದಲೂ ಉಂಟು. “ಡಿಸೆಂಬರಿನಲ್ಲಿ ಕೋರ್ಸ್ ಮುಗೀತದೆ. ಅದರ ಮೇಲೆ ನೋಡುವ” ಎಂದೆ.

೧೨ ಮೇ, ಶನಿವಾರ

ವಸಂತಾ ಆಂಟಿಯ ಮನೆಯ ಹಿಂದಿನ ಕೋಣೆಯಲ್ಲಿ ಕುಳಿತು ಬರೆಯುತ್ತಿದ್ದೇನೆ. ಮಗಳು ಮೊಮ್ಮಗಳು ಬೇರೆ ಮನೆಯಲ್ಲಿರುವುದರಿಂದ ಖಾಲಿ ಬಿದ್ದ ಕೋಣೆ. ಗೇಟಿನಲ್ಲಿ ವಿಷಯ ತಿಳಿದ ದಿನವೇ “ಬಾಮ್ಮ, ಸುಮ್ನೆ ಯಾಕ್ ಒದ್ದಾಡ್ತೀಯ” ಎಂದಿದ್ದರು.

ಬೆಳಿಗ್ಗೆ ಆಂಟಿ, ಅಂಕಲ್ ಕರೆದೊಯ್ಯಲು ಬಂದರು. ಕಾನ್ರಾಡ್ ಭಾವ ನನ್ನ ಸೂಟ್‌ಕೇಸ್ ತಾವೇ ಹೊತ್ತು ಕಾರಿನಲ್ಲಿಟ್ಟರು. ಮೋಲಿ ಚಹಾ ಮಾಡಿದಳು. ಬಂದವರ ಎದುರು ಯಾವ ಜಗಳವೂ ಇರುವುದಿಲ್ಲ, ಅದು ಎಲ್ಲರಿಗೂ ಗೊತ್ತು. ನಗುತ್ತಲೇ ಕುಳಿತಿದ್ದೆವು.

ಆಂಟಿ ಮಾತು ಮುಂದುವರಿಸಲು ತಮಾಷೆ ಮಾಡಿದರು. “ಏನಮ್ಮ ಮೋಲಿ, ನಿಮ್ಮ ಹುಡುಗೀನ ಕರ್ಕೊಂಡ್ ಹೋಗ್ತಿದೀವಿ. ಅಡಿಗೆ ಗಿಡಿಗೆ ಏನಾದ್ರೂ ಬರುತ್ತಾ?”

ಮೋಲಿ ನನ್ನ ಕಡೆ ನೋಡಿದಳು. “ಅಯ್ಯೋ ಆಂಟಿ, ಅವಳಿಗೆ ಎಂತದೂ ಗೊತ್ತಿಲ್ಲ. ನೀವೇ ಕಲಿಸ್ಬೇಕು” ಎಂದಳು. ಈ ಸಲ ಅದು ಅಮ್ಮ ಹೇಳುತ್ತಿದ್ದ ಹಾಗೆಯೇ ಇತ್ತು. ನೀನು ಇನ್ನೂ ನಮ್ಮವಳು ಎಂದು ಅದರ ಅರ್ಥ. ಜನವರಿಯಲ್ಲಿ ಇದೇ ಮಾತಿಗೆ ಕರಗಿದ್ದೆನಲ್ಲ.

“ನೀನ್ ಹೇಳಮ್ಮ, ಮೋಲಿ ನಿನ್ನ ಹೇಗ್ ನೋಡ್ಕೊಂಡ್ಳು?” ಎಂದರು ಆಂಟಿ.

“ಮೋಲಿಯವರು ತುಂಬ ಒಳ್ಳೆಯವರು ಆಂಟಿ” ಎಂದೆ. “ಅಂಥವರು ಸಿಗುವುದು ಕಷ್ಟ. ಊಟ ಹಾಕಿದ್ರು, ಕೋಣೆ ಕೊಟ್ರು, ರಜೆ ಹಾಕಿ ಕಾಲೇಜಿಗೆ ಸೇರಿಸಿದ್ರು. ಎಷ್ಟು ಬುದ್ಧಿವಂತರು, ಎಷ್ಟು ಚುರುಕು. ಅವರ ಉಪಕಾರ ನಾನು ಮರೆಯುವುದಿಲ್ಲ.” ಅಮ್ಮ ಪಕ್ಕದ ಮನೆಯ ಹುಡುಗಿಯನ್ನು ಹೊಗಳುತ್ತಿದ್ದ ಹಾಗೆ, ಬಾಯಿ ತುಂಬ.

ಮೋಲಿಯ ನಗು ಮುಖದ ಮೇಲೆಯೇ ಉಳಿಯಿತು. ಚಹಾದ ಕಪ್ಪು ಮಾತ್ರ ತುಟಿಯ ಹತ್ತಿರ ಹೋಗದೆ ಕೆಳಗೆ ಬಂತು. ಆಂಟಿ ಮೈಸೂರಿನವರಾದರೂ ಇಂಥ ಹೊಗಳಿಕೆಯ ಅರ್ಥ ಬಲ್ಲವರು. ಅವರು ತಲೆ ತಗ್ಗಿಸಿ ಬಿಸ್ಕತ್ತು ಮುರಿಯತೊಡಗಿದರು.

‘ದಟ್ಸ್ ಸೋ ನೈಸ್, ಆಂಟಿ’ ಎಂದಳು ಲೀಶಾ.

ಕಾರು ಹೊರಟು ಮುಖ್ಯ ರಸ್ತೆಗೆ ಬಂತು. ಆಮೇಲೆ ಆಂಟಿ ಹಿಂದಕ್ಕೆ ತಿರುಗಿ, ಹೆದರಿದವರ ಹಾಗೆ ಮೆಲ್ಲಗೆ ಕೇಳಿದರು. “ನಿನ್ ಗಂಡ? ಅವನು ಹೇಗಮ್ಮ?”

ತುಂಬ ಒಳ್ಳೆಯವರು ಎಂದು ಹೇಳಲು ಬಾಯಿ ತೆರೆದೆ. ಬರಲಿಲ್ಲ.

“ಅವನಿಗೆ ಎಂತದೂ ಗೊತ್ತಿಲ್ಲ ಆಂಟಿ” ಎಂದೆ.